ಚೌಕಿಯ ಬೆಳಕಿಗೆ ಯಾವ ಕ್ಯಾಮೆರಾ, ಯಾವ ಲೆನ್ಸ್?

ಪ್ರಶ್ನೆ: ನನ್ನ ಹತ್ತಿರ ಕ್ರಾಪ್ ಸೆನ್ಸರ್ (ಚಿತ್ರ ಹಿಡಿಯುವ ಸೆನ್ಸರ್ ಸಣ್ಣದಿರುವ) ಕ್ಯಾಮೆರಾ ಇದೆ, ಅದರ ಜೊತೆ ಬಂದ 18-55 ಕಿಟ್ ಲೆನ್ಸ್ ಇದೆ. ಯಕ್ಷಗಾನದ ಚೌಕಿಯಲ್ಲಿ ಕಲಾವಿದರು ಬಣ್ಣ ಹಚ್ಚಿಕೊಳ್ಳುವಾಗ ಕ್ಯಾಂಡಿಡ್ ಫೋಟೋ ತೆಗೆಯುವ ಆಸೆ. ಫ್ಲ್ಯಾಶ್ ಹಾಕಲು ಮನಸ್ಸು ಬರುವುದಿಲ್ಲ. ಹಾಕದಿದ್ದರೆ ಎಲ್ಲಾ ಶೇಕ್. ಫುಲ್ ಫ್ರೇಮ್ ಕ್ಯಾಮೆರಾ ತಗೊಳ್ಳಲೇಬೇಕಾ?

ಉತ್ತರ: ಸದ್ಯಕ್ಕೆ ಬೇಡ. ಇರುವ ಕ್ಯಾಮೆರಾಕ್ಕೇ ಒಂದು ಪ್ರೈಮ್ ಲೆನ್ಸ್, ಅಂದರೆ ಝೂಮ್ ಆಗದ ಲೆನ್ಸ್ ತಗೊಳ್ಳಿ.

ಲೆಕ್ಕ ನೋಡಿ. ಕಿಟ್ ಲೆನ್ಸನ್ನು 55ಕ್ಕೆ ಝೂಮ್ ಮಾಡಿದರೆ ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿ, ಎಫ್ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ (ಎಫ್ ಸಂಖ್ಯೆ ಕಡಿಮೆಯಾದಷ್ಟೂ ಕಿಂಡಿ ದೊಡ್ಡದು). ಎಫ್ 1.8 ಪ್ರೈಮ್ ಹಾಕಿದರೆ ಒಳಗೆ ಬರುವ ಬೆಳಕು ಹೆಚ್ಚುಕಡಿಮೆ 10 ಪಟ್ಟು. ಇಲ್ಲಿಯವರೆಗೆ ಶಟರ್ 1/15 ಸೆಕೆಂಡು ತೆರೆದಿರಬೇಕಾಗಿದ್ದ ಫೋಟೋ ಅದೇ ಐಎಸ್‌ಒದಲ್ಲಿ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಸೆಟ್ಟಿಂಗ್) 1/125ಕ್ಕೆ ಆರಾಮಾಗಿ ಬರುತ್ತದೆ. ಫುಲ್ ಫ್ರೇಮ್ ಸೆನ್ಸರ್ ವಿಸ್ತೀರ್ಣದಲ್ಲಿ ಕ್ರಾಪ್ ಸೆನ್ಸರಿನ ಎರಡೂವರೆ ಪಟ್ಟಿನ ಆಸುಪಾಸು, ಅಷ್ಟೇ. ಅದಕ್ಕೂ ಎಫ್ 5.6 ಲೆನ್ಸೇ ಹಾಕಿದರೆ ನಿಮ್ಮ ಕಷ್ಟ ಅರ್ಧವೂ ತೀರುವುದಿಲ್ಲ. ಖರ್ಚು ಮಾತ್ರ ಎಷ್ಟೋ ಜಾಸ್ತಿ.

ಇದು ಹಳೆಯ ಕಥೆಯೇ. 1924ರಲ್ಲಿ ಜರ್ಮನಿಯಲ್ಲಿ ಎರ್ಮನಾಕ್ಸ್ ಅನ್ನುವ ಪುಟ್ಟ ಕ್ಯಾಮೆರಾ ಬಂತು. ಫಿಲ್ಮ್ ರೋಲ್ ಇಲ್ಲ, ಒಂದೊಂದೇ ಗಾಜಿನ ಪ್ಲೇಟ್ ಹಾಕಬೇಕು. ಆದರೆ ಲೆನ್ಸ್ ಎಫ್ 2. ಅದನ್ನು ಹಿಡಿದು ಜರ್ಮನ್ ಪತ್ರಿಕಾ ಫೋಟೋಗ್ರಾಫರ್ ಎರಿಕ್ ಸಾಲೊಮನ್ 1928ರಿಂದ ಕೋರ್ಟು, ರಾಜಕೀಯ ಸಭೆ, ರಾತ್ರಿಯ ಔತಣಗಳಲ್ಲಿ ಫ್ಲ್ಯಾಶ್ ಇಲ್ಲದೆ ಜನರ ಸಹಜ ಮುಖ ಹಿಡಿದರು. ಕ್ಯಾಂಡಿಡ್ ಅನ್ನುವ ಮಾತು ಫೋಟೋಗ್ರಫಿಗೆ ಅಂಟಿಕೊಂಡದ್ದು ಅಂಥ ಚಿತ್ರಗಳಿಂದ. ಬೇರೆಲ್ಲ ತೊಡಕುಗಳಿದ್ದರೂ ದೊಡ್ಡ ಬಾಯಿಯ ಲೆನ್ಸ್ ಒಂದು ಅವರ ಕೈ ಹಿಡಿಯಿತು.

ಇನ್ನು 35 ಎಂಎಂ ಒಳ್ಳೆಯದಾ, 50 ಎಂಎಂ ಒಳ್ಳೆಯದಾ? ಅಗ್ಗದಲ್ಲಿ ಸಿಗುವುದು 50. ಆದರೆ ಕ್ರಾಪ್ ಸೆನ್ಸರಿನಲ್ಲಿ ಅದು 75-80 ಎಂಎಂ ಲೆನ್ಸಿನಷ್ಟು ಹತ್ತಿರ ಎಳೆಯುತ್ತದೆ. ಚೌಕಿ ಗೊತ್ತಲ್ವಾ, ಎರಡೂ ಬದಿ ಕಲಾವಿದರು ಸಾಲಾಗಿ ನೆಲದ ಮೇಲೆ ಕೂತಿರುತ್ತಾರೆ, ನಡುವೆ ಓಡಾಡುವಷ್ಟು ಜಾಗ. ಹಿಂದೆ ಸರಿಯಲು ಹೋದರೆ ಯಾರದೋ ವೇಷದ ಪೆಟ್ಟಿಗೆಗೆ ಕಾಲು ತಾಗುತ್ತದೆ. ನನ್ನ ಮತ ಅಲ್ಲಿಗೆ 35, ಇಲ್ಲವೇ 30. ಮುಖದ ಜೊತೆ ಕೈಯ ಕನ್ನಡಿ, ಬಣ್ಣದ ಬಟ್ಟಲು, ಪಕ್ಕದವರ ಗೆಜ್ಜೆ ಕಟ್ಟಿದ ಕಾಲು ಎಲ್ಲಾ ಸೇರಿ ಬಂದರೇನೇ ಅದು ಚೌಕಿಯ ಚಿತ್ರ. ನೈಕಾನ್ ಡಿಎಸ್‌ಎಲ್‌ಆರ್‌ಗೆ 35 ಎಂಎಂ ಎಫ್ 1.8 ಡಿಎಕ್ಸ್, ಸೋನಿ ಮಿರರ್‌ಲೆಸ್‌ಗೆ ಸಿಗ್ಮಾದ 30 ಎಂಎಂ ಎಫ್ 1.4 ಚೆನ್ನಾಗಿವೆ. ನೈಕಾನ್‌ನ ಡಿ3000, ಡಿ5000 ಸಾಲಿನ ಕ್ಯಾಮೆರಾ ಇದ್ದರೆ ಒಂದು ಎಚ್ಚರ: ಅವುಗಳಲ್ಲಿ ಫೋಕಸ್ ಮೋಟಾರ್ ಇಲ್ಲ. ತನ್ನದೇ ಮೋಟಾರ್ ಇಲ್ಲದ ಹಳೆಯ ಎಎಫ್-ಡಿ ಲೆನ್ಸ್ ಹಾಕಿದರೆ ಆಟೋಫೋಕಸ್ ಆಗುವುದಿಲ್ಲ, ಒಳಗೇ ಮೋಟಾರ್ ಇರುವ ಎಎಫ್-ಎಸ್ ಲೆನ್ಸನ್ನೇ ಕೇಳಿ ತಗೊಳ್ಳಿ. ಕೊಳ್ಳುವ ಮೊದಲು ಕಿಟ್ ಲೆನ್ಸನ್ನು 35ಕ್ಕೆ ಇಟ್ಟು, ತಿರುಗದ ಹಾಗೆ ಟೇಪ್ ಅಂಟಿಸಿ ಒಂದು ಸಂಜೆ ಕಳೆಯಿರಿ. ಮಾರನೇ ಆಟಕ್ಕೆ 50. ಯಾವುದು ಬೇಕು ಅಂತ ನಿಮಗೇ ಗೊತ್ತಾಗುತ್ತದೆ.

ಲೆನ್ಸಿನಲ್ಲಿ ಸ್ಟೆಬಿಲೈಸೇಶನ್ ಇದ್ದರೆ ಸಾಕು ಅಂತ ನಾನೂ ನಂಬಿದ್ದೆ. ಒಂದು ರಾತ್ರಿ ಬಣ್ಣದ ವೇಷದವರು (ರಾಕ್ಷಸ ಪಾತ್ರಧಾರಿಗಳು) ಚುಟ್ಟಿ ಇಡುತ್ತಿದ್ದರು. ಅಕ್ಕಿಹಿಟ್ಟು, ಸುಣ್ಣ ಕಲಸಿದ ಬಿಳಿ ಹಿಟ್ಟು, ಕೈಯಲ್ಲೊಂದು ಸಣ್ಣ ಕಡ್ಡಿ. ಕೆನ್ನೆಯ ಮೇಲೆ ಒಂದೊಂದೇ ಮುಳ್ಳು ಎಬ್ಬಿಸುತ್ತಾ ಹೋಗುವ ಗಂಟೆಗಟ್ಟಲೆ ಕೆಲಸ. ಮುಖ ಅಲ್ಲಾಡುವುದಿಲ್ಲ, ಕಡ್ಡಿ ಹಿಡಿದ ಬೆರಳು ಮಾತ್ರ ಆಡುತ್ತಿರುತ್ತದೆ. ನಾನು 1/30ರಲ್ಲಿ ತೆಗೆದೆ. ಮನೆಗೆ ಬಂದು ನೋಡಿದರೆ ಕಣ್ಣಿನ ರೆಪ್ಪೆ ಕೂಡ ಸ್ಪಷ್ಟ, ಬೆರಳು ಮಾತ್ರ ಬಿಳಿ ಗೆರೆಯಂತೆ ಕಲಸಿಹೋಗಿತ್ತು. ಆ ಫೋಟೋದ ಜೀವ ಇದ್ದದ್ದೇ ಬೆರಳಲ್ಲಿ. ಸ್ಟೆಬಿಲೈಸೇಶನ್ ನಮ್ಮ ಕೈ ನಡುಕವನ್ನು ತಡೆಯುತ್ತದೆ, ಎದುರಿನವರ ಚಲನೆಯನ್ನಲ್ಲ. ಕೂತವರಿಗೆ 1/125ಕ್ಕಿಂತ ಕೆಳಗೆ ಇಳಿಯಬೇಡಿ. ರಂಗಸ್ಥಳದ ಕುಣಿತಕ್ಕೆ 1/500 ಬೇಕು.

ಅದಕ್ಕಾಗಿ ಐಎಸ್‌ಒ 3200, 6400ಕ್ಕೆ ಏರಿಸಲು ಹೆದರಬೇಡಿ. ಕಡಿಮೆ ಇಟ್ಟು, ಕತ್ತಲಾಗಿ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಬೆಳಗಿಸಿದರೆ ಕಾಳುಕಾಳು ಇನ್ನೂ ಜಾಸ್ತಿ ಕಾಣುತ್ತದೆ. ರಾ ಫೈಲ್ (ಸೆನ್ಸರ್ ಹಿಡಿದದ್ದನ್ನು ಹಾಗೇ ಉಳಿಸುವ ಫೈಲ್) ಇಟ್ಟುಕೊಳ್ಳಿ. ಎಲ್‌ಇಡಿ ಬೆಳಕಿನಲ್ಲಿ ಮುಖದ ಕೆಂಪು, ಹಳದಿ ಹಾದಿ ತಪ್ಪುವುದುಂಟು, ಸರಿಪಡಿಸಲು ರಾ ಬೇಕಾಗುತ್ತದೆ.

ಮಿರರ್‌ಲೆಸ್ ಇರುವವರು ಸದ್ದಾಗಬಾರದು ಅಂತ ಸೈಲೆಂಟ್ ಶಟರ್ ಹಾಕುತ್ತಾರೆ. ಒಳ್ಳೆಯದೇ. ಆದರೆ ಕೆಲವು ಎಲ್‌ಇಡಿ, ಟ್ಯೂಬ್‌ಲೈಟುಗಳ ಕೆಳಗೆ ಫೋಟೋದಲ್ಲಿ ಅಡ್ಡ ಪಟ್ಟೆ ಮೂಡುತ್ತದೆ. ನಮ್ಮ ಕರೆಂಟು 50 ಹರ್ಟ್ಸ್, ಅದರ ಮೇಲೆ ಉರಿಯುವ ಇಂಥ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಅಲ್ಲಿ ಮಾತ್ರ 1/125 ಬಿಟ್ಟು ಶಟರ್ 1/100ಕ್ಕೆ ಇಟ್ಟರೆ ಸಾಮಾನ್ಯವಾಗಿ ಪಟ್ಟೆ ಹೋಗುತ್ತದೆ. ಹೋಗದಿದ್ದರೆ ಮೆಕ್ಯಾನಿಕಲ್ ಶಟರ್ ಹಾಕಿ. ಇನ್ನೊಂದು ಮಾತು, ಫೋಕಸ್ ಅಸಿಸ್ಟ್ ದೀಪವನ್ನು ಮೆನುವಿನಲ್ಲಿ ಆಫ್ ಮಾಡಿಯೇ ಒಳಗೆ ಹೋಗಿ. ಕಣ್ಣಿಗೆ ಕಾಡಿಗೆ ತೀಡುತ್ತಿರುವವರ ಮುಖಕ್ಕೆ ಬೆಳಕು ಹೊಡೆಯುವುದು ತಪ್ಪು.

ಚೌಕಿಯಲ್ಲಿ ದೇವರಿರುತ್ತದೆ, ಚಪ್ಪಲಿ ಹೊರಗೇ ಬಿಡಿ. ಮೊದಲೇ ಕೇಳಿ ಒಪ್ಪಿಗೆ ತಗೊಳ್ಳಿ. ಕೇಳಿದರೆ ಕ್ಯಾಂಡಿಡ್ ಕೆಡುತ್ತದೆ ಅಂತ ಕೆಲವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಕ್ಯಾಮೆರಾ ಮಡಿಲಲ್ಲಿಟ್ಟು ಅರ್ಧ ಗಂಟೆ ಸುಮ್ನೆ ಕೂತರೆ ನೀವು ಅಲ್ಲಿದ್ದೀರಿ ಅನ್ನುವುದನ್ನೇ ಅವರು ಮರೆತಿರುತ್ತಾರೆ. ಆ ಹೊತ್ತಿನಲ್ಲಿ ಬೆಳಕು ನೋಡಿಟ್ಟುಕೊಳ್ಳಿ. ಕಲಾವಿದರು ಕನ್ನಡಿಯತ್ತ ಬಾಗಿದಾಗ ದೀಪ ಮುಖಕ್ಕೆ ಬೀಳುತ್ತದೆ, ಹಿಂದೆ ಸರಿದಾಗ ಇಲ್ಲ. ಬಾಗಿದಾಗಲೇ ಒತ್ತಿ. ಫೋಕಸ್ ಕಣ್ಣಿನ ಮೇಲೇ ಇರಲಿ. 50 ಎಂಎಂ ಲೆನ್ಸ್ ಎಫ್ 1.8ರಲ್ಲಿದ್ದು, ಮುಖ ಒಂದೂವರೆ ಮೀಟರ್ ದೂರ ಇದ್ದರೆ ಸ್ಪಷ್ಟವಾಗಿ ಬರುವ ಆಳ 6 ಸೆಂಟಿಮೀಟರಿನಷ್ಟು ಮಾತ್ರ. ಕಿರೀಟ ಕಟ್ಟುವಾಗ ಇಬ್ಬರು ಮೂವರ ಕೈ ಒಟ್ಟಿಗೆ ಸೇರುತ್ತದೆ. ಆಗ ಎಫ್ 2.8ಕ್ಕೆ ತಿರುಗಿಸಿ, ಐಎಸ್‌ಒ 6400ಕ್ಕೆ ಏರಿಸಿ, ಶಟರ್ ಮಾತ್ರ 1/125ರಲ್ಲೇ ಬಿಡಿ.