ವಾರಕ್ಕೆ ಮೂರು ದಿನ ಸರಿ, ಯಾವ ಮೂರು ದಿನ?

ಎಚ್‌ಆರ್ ಕೆಲಸದಲ್ಲಿರುವವರಿಗೆ ಈಗ ಮದುವೆ ಮನೆಯಲ್ಲೂ ಬಿಡುವಿಲ್ಲ. ಪಂಕ್ತಿಯಲ್ಲಿ ಪಕ್ಕ ಕೂತವರು "ನಿಮ್ಮಲ್ಲಿ ಎಷ್ಟು ದಿನ ಆಫೀಸ್?" ಅಂತ ಕೇಳಿಯೇ ಹೋಳಿಗೆಗೆ ಕೈ ಹಾಕುತ್ತಾರೆ. ಎರಡಾ, ಮೂರಾ, ಐದೂ ದಿನಾನಾ? ಮೊದಲೆಲ್ಲ ಸಂಬಳ ಕೇಳುತ್ತಿದ್ದರು.

ನಾನು ಬೆಂಗಳೂರಿನ ಸಣ್ಣ ಮತ್ತು ಮಧ್ಯಮ ಸಾಫ್ಟ್‌ವೇರ್ ಕಂಪನಿಗಳಿಗೆ ಸಲಹೆ ಕೊಡುತ್ತೇನೆ. ಹಾಜರಿ ನಿಯಮ ಬರೆಯುವವರ ಜೊತೆ ಕೂರುತ್ತೇನೆ, ಅದರಿಂದ ವಿನಾಯಿತಿ ಕೇಳಿಕೊಂಡು ಬರುವವರ ಜೊತೆಗೂ ಕೂರುತ್ತೇನೆ. ವಾರದಲ್ಲಿ ಎಷ್ಟು ದಿನ ಆಫೀಸ್, ಎಷ್ಟು ದಿನ ಮನೆಯಿಂದ ಕೆಲಸ ಅನ್ನುವ ಲೆಕ್ಕ ಜಗಳ ಆಡೋದಕ್ಕೆ ಸುಲಭ. ಆದರೆ ಆಫೀಸಿಗೆ ಹೋಗಿ ಬಂದಿದ್ದು ಸಾರ್ಥಕವಾಯಿತಾ ಅನ್ನೋದು ಆ ದಿನ ಅಲ್ಲಿ ಯಾರಿದ್ದರು ಅನ್ನೋದರ ಮೇಲೆ ನಿಂತಿದೆ.

ಔಟರ್ ರಿಂಗ್ ರೋಡಿನ ಒಂದು ಕಂಪನಿಯ ವಿಷಯ ಹೇಳುತ್ತೇನೆ. ವಾರಕ್ಕೆ ಮೂರು ದಿನ ಬರಲೇಬೇಕು ಅಂತ ಮೇಲ್ ಬಂತು. ಯಾವ ಮೂರು ದಿನ ಅಂತ ಯಾರೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಕೆಲವು ತಿಂಗಳು ಕಳೆದ ಮೇಲೆ ಒಂದು ಟೀಮಿನವರು ಬಾಗಿಲಲ್ಲಿ ಕಾರ್ಡ್ ಉಜ್ಜಿದ ಸ್ವೈಪ್ ದಾಖಲೆ ತೆಗೆಸಿ ನೋಡಿದೆ. ಎಲ್ಲರೂ ನಿಯಮ ಪಾಲಿಸಿದ್ದರು, ಒಂದು ದಿನವೂ ತಪ್ಪಿಲ್ಲ. ಟೆಸ್ಟಿಂಗ್‌ನವರು ಸೋಮ, ಬುಧ, ಶುಕ್ರ ಬಂದಿದ್ದರು. ಕೋಡ್ ಬರೆಯುವವರು ಮಂಗಳ, ಬುಧ, ಗುರು. ಎಲ್ಲರೂ ಸೇರುತ್ತಿದ್ದದ್ದು ಬುಧವಾರ ಮಾತ್ರ, ಆ ಬುಧವಾರವೇ ಮ್ಯಾನೇಜರ್ ಮನೆಯಲ್ಲಿ! ಉಳಿದ ದಿನಗಳಲ್ಲಿ ನಡೆಯುತ್ತಿದ್ದದ್ದು ಇಷ್ಟು: ಒಂದೂವರೆ ಗಂಟೆ ಟ್ರಾಫಿಕ್‌ನಲ್ಲಿ ಕೂತು ಬಂದವರು ಹೆಡ್‌ಸೆಟ್ ಹಾಕಿಕೊಂಡು, ಮನೆಯಲ್ಲಿರುವವರ ಜೊತೆ ಟೀಮ್ಸ್ ಕಾಲ್‌ನಲ್ಲಿ ಮಾತಾಡುವುದು. ಮೀಟಿಂಗ್ ರೂಮ್ ಸಿಗದವರು ಪ್ಯಾಂಟ್ರಿ ಪಕ್ಕ ನಿಂತು, ಮಿಕ್ಸಿ ಸದ್ದಿನ ನಡುವೆ "ಒನ್ ಮಿನಿಟ್, ಮ್ಯೂಟ್ ಮಾಡ್ತೀನಿ" ಅನ್ನುತ್ತಿದ್ದರು. ಇಂಥ ಆಫೀಸಿಗಿಂತ ಮನೆಯೇ ವಾಸಿ ಅಂದರೆ ನಾನು ವಾದ ಮಾಡುವುದಿಲ್ಲ.

2023ರ ಕೊನೆಯಲ್ಲಿ ನಮ್ಮ ದೊಡ್ಡ ಕಂಪನಿಗಳು ಒಂದಾದ ಮೇಲೊಂದು ಬಾಗಿಲು ತೆರೆದವು. ಟಿಸಿಎಸ್ ಅಕ್ಟೋಬರ್‌ನಿಂದ ಐದು ದಿನ ಅಂದಿತು. ವಿಪ್ರೊ ನವೆಂಬರ್‌ನಿಂದ ವಾರಕ್ಕೆ ಮೂರು ದಿನ ಅಂದಿತು. ಇನ್ಫೋಸಿಸ್ ಕೆಲವು ಹಂತದವರಿಗೆ ತಿಂಗಳಿಗೆ ಹತ್ತು ದಿನ ಅಂದಿತು. ಅಮೆಜಾನ್ 2025ರ ಜನವರಿಯಿಂದ ಐದೂ ದಿನ. ಇವರನ್ನು ನೋಡಿ ಸಣ್ಣ ಕಂಪನಿಗಳು ಅದೇ ಅಂಕಿಯನ್ನು ಎತ್ತಿ ತಮ್ಮ ಮೇಲ್‌ಗೆ ಅಂಟಿಸಿಕೊಂಡವು. ದೊಡ್ಡವರು ಯಾಕೆ ಆ ಅಂಕಿ ಹಿಡಿದರು ಅಂತ ಕೇಳುವ ವ್ಯವಧಾನ ಇರಲಿಲ್ಲ.

ಈ ವಿಷಯದಲ್ಲಿ ನಾನು ಹೆಚ್ಚು ನಂಬುವುದು ಚೀನಾದ ಟ್ರಿಪ್.ಕಾಮ್ ಪ್ರಯಾಣ ಕಂಪನಿಯಲ್ಲಿ ಸ್ಟ್ಯಾನ್‌ಫರ್ಡ್‌ನ ಅರ್ಥಶಾಸ್ತ್ರಜ್ಞ ನಿಕೊಲಸ್ ಬ್ಲೂಮ್ ಮತ್ತು ಜೊತೆಗಾರರು ಮಾಡಿದ ಎರಡು ಪ್ರಯೋಗಗಳನ್ನು. ಎರಡನೆಯದರ ಫಲಿತಾಂಶ 2024ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. 1,612 ಜನ. ಹುಟ್ಟಿದ ದಿನಾಂಕ ಬೆಸವಾಗಿದ್ದವರಿಗೆ ಬುಧವಾರ, ಶುಕ್ರವಾರ ಮನೆಯಿಂದ ಕೆಲಸ. ಸಮವಾಗಿದ್ದವರಿಗೆ ಐದೂ ದಿನ ಆಫೀಸ್. ಕೆಲಸದ ಗುಣಮಟ್ಟದಲ್ಲಾಗಲಿ, ಬಡ್ತಿಯಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಎರಡು ದಿನ ಮನೆಯಲ್ಲಿದ್ದ ಗುಂಪಿನಲ್ಲಿ ಕೆಲಸ ಬಿಟ್ಟು ಹೋಗುವವರು ಮೂರನೇ ಒಂದರಷ್ಟು ಕಡಿಮೆಯಾದರು. ಅದರಲ್ಲೂ ಹೆಂಗಸರು, ಮ್ಯಾನೇಜರ್ ಅಲ್ಲದವರು, ದೂರದಿಂದ ಬರುವವರು. ಎಲ್ಲರೂ ಈ ಮೂರನೇ ಒಂದನ್ನೇ ಎತ್ತಿ ಆಡುತ್ತಾರೆ. ನನ್ನ ಕಣ್ಣು ಹೋಗುವುದು ಆ 'ಬುಧವಾರ, ಶುಕ್ರವಾರ'ದ ಮೇಲೆ. ದಿನ ಗೊತ್ತುಮಾಡಿದ್ದರು. ಹಾಗಾಗಿ ಸೋಮ, ಮಂಗಳ, ಗುರು ಎರಡೂ ಗುಂಪಿನವರು ಆಫೀಸಿನಲ್ಲಿ ಮುಖಾಮುಖಿ. ನಮ್ಮಲ್ಲಿ ಆ ಭಾಗವನ್ನು ಬಿಟ್ಟು ಮೂರು ಅನ್ನುವ ಅಂಕಿಯನ್ನು ಮಾತ್ರ ಇಟ್ಟುಕೊಂಡಿದ್ದೇವೆ.

ಮೊದಲನೆಯ ಪ್ರಯೋಗ ಅದೇ ಕಂಪನಿಯ ಕಾಲ್ ಸೆಂಟರ್‌ನಲ್ಲಿ 2010ರ ಕೊನೆಯಲ್ಲಿ ಶುರುವಾಗಿ ಒಂಬತ್ತು ತಿಂಗಳು ನಡೆದಿತ್ತು. ನಾಲ್ಕು ದಿನ ಮನೆ, ಒಂದು ದಿನ ಆಫೀಸ್. ಕೆಲಸ 13% ಜಾಸ್ತಿಯಾಯಿತು ಅನ್ನುವುದನ್ನು ಮನೆಯಿಂದ ಕೆಲಸದ ಪರ ಇರುವವರೆಲ್ಲ ಬಾಯಿಪಾಠ ಮಾಡಿದ್ದಾರೆ. ಉಳಿದದ್ದನ್ನೂ ಓದಬೇಕು. ಆ 13ರಲ್ಲಿ 9ರಷ್ಟು ಬಂದದ್ದು ಜನ ಜಾಸ್ತಿ ಹೊತ್ತು ಕೆಲಸ ಮಾಡಿದ್ದರಿಂದ. ಕಡಿಮೆ ಬ್ರೇಕ್, ಕಡಿಮೆ ರಜೆ. ಸೇರಿಸಿಕೊಂಡದ್ದು ಮನೆಯಲ್ಲಿ ಬೇರೆ ಕೋಣೆ ಇದ್ದವರನ್ನು ಮಾತ್ರ. ಅಷ್ಟೇ ಚೆನ್ನಾಗಿ ಕೆಲಸ ಮಾಡಿದರೂ ಮನೆಯಲ್ಲಿದ್ದವರಿಗೆ ಬಡ್ತಿ ಸಿಗುವ ಸಾಧ್ಯತೆ ಕಡಿಮೆಯಿತ್ತು. ಪ್ರಯೋಗ ಮುಗಿದು "ಈಗ ನಿಮ್ಮಿಷ್ಟ" ಅಂದಾಗ ಅರ್ಧಕ್ಕಿಂತ ಹೆಚ್ಚು ಜನ ತಮ್ಮ ಆಯ್ಕೆ ಬದಲಿಸಿಕೊಂಡರು. ಮನೆ ಬಿಟ್ಟು ಆಫೀಸಿಗೆ ಮರಳಿದವರಿಗೆ ಒಂಟಿತನ ಮುಖ್ಯ ಕಾರಣವಾಗಿತ್ತು. ಮದನಪಲ್ಲಿಯಿಂದಲೋ ಮಂಡ್ಯದಿಂದಲೋ ಬಂದು ಬಿಟಿಎಂ ಲೇಔಟಿನ ಪಿಜಿಯಲ್ಲಿ ಮೂವರ ಜೊತೆ ಕೋಣೆ ಹಂಚಿಕೊಂಡು, ಮಂಚದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡಿರುವ ಹುಡುಗರಿಗೆ ಆ 13%ರ ಮಾತು ಅನ್ವಯವೇ ಆಗೋದಿಲ್ಲ.

ಹೊಸಬರ ವಿಷಯದಲ್ಲಿ ನನ್ನ ನಿಲುವು ಗಟ್ಟಿ. ಮೊದಲ ಎರಡು ವರ್ಷ ಆಫೀಸಿಗೆ ಹೋಗಿ. ರಸ್ತೆ ಎಷ್ಟೇ ಕೆಟ್ಟದಿರಲಿ, ಹೋಗಿ. ಮೊದಲ ಕೆಲಸದಲ್ಲಿದ್ದ ಒಬ್ಬ ಹುಡುಗಿ ತನ್ನ ಒಂದು ದಿನವನ್ನು ಹೀಗೆ ಹೇಳಿದ್ದಳು. ಬೆಳಗ್ಗೆ 11ಕ್ಕೆ ಬಿಲ್ಡ್ (ಬರೆದ ಕೋಡನ್ನು ಓಡುವ ಪ್ರೋಗ್ರಾಂ ಆಗಿ ಜೋಡಿಸುವ ಹಂತ) ಫೇಲ್ ಆಯಿತು. ಸೀನಿಯರ್ ಹೆಸರಿನ ಪಕ್ಕ ಹಸಿರು ಚುಕ್ಕೆ ಇತ್ತು. "ಹಾಯ್, ಫ್ರೀ ಇದ್ದೀರಾ?" ಅಂತ ಟೈಪ್ ಮಾಡಿದಳು, ಅಳಿಸಿದಳು. ಇಷ್ಟು ಚಿಕ್ಕದಕ್ಕೆ ಕೇಳೋದಾ ಅಂತ ಗೂಗಲ್ ಹುಡುಕಿದಳು. ಊಟ ಮಾಡಿ ಬಂದು ಮತ್ತೆ ಟೈಪ್ ಮಾಡಿದಳು, ಕಳಿಸಿದಳು. ಉತ್ತರ ಬಂದದ್ದು ಸಂಜೆ 5ಕ್ಕೆ. ಸೆಟ್ಟಿಂಗ್ಸ್ ಫೈಲ್‌ನಲ್ಲಿ ಒಂದು ಸಾಲು ಬದಲಿಸಬೇಕಿತ್ತು, ಅಷ್ಟೇ. ಪಕ್ಕದಲ್ಲಿ ಕೂತಿದ್ದರೆ ಅವಳು ಕೇಳಬೇಕಾಗಿಯೂ ಇರಲಿಲ್ಲ, ಮುಖ ನೋಡಿದ್ದರೆ ಸಾಕಿತ್ತು.

ಹೊಸಬರಿಗೆ ಹೀಗೆ ಪಕ್ಕದಲ್ಲಿ ಕೂತು ಕಲಿಸುವುದಕ್ಕೆ ಬೆಲೆ ತೆರುವವರೂ ಇದ್ದಾರೆ. ಅಮೆರಿಕದ ಮೂವರು ಅರ್ಥಶಾಸ್ತ್ರಜ್ಞೆಯರು ಒಂದು ದೊಡ್ಡ ಕಂಪನಿಯ ಸಾಫ್ಟ್‌ವೇರ್ ಎಂಜಿನಿಯರ್‌ಗಳ ಕೆಲಸವನ್ನು ಅಳೆದು ನೋಡಿದ್ದಾರೆ. ಟೀಮಿನವರ ಹತ್ತಿರ ಕೂತವರಿಗೆ ಕೋಡ್ ಮೇಲೆ ಜಾಸ್ತಿ ಸಲಹೆ ಸಿಗುತ್ತದೆ, ಅದರಲ್ಲೂ ಹೊಸಬರಿಗೆ. ಹಿರಿಯರ ಸ್ವಂತ ಕೆಲಸ ಮಾತ್ರ ಕಡಿಮೆಯಾಗುತ್ತದೆ. ಮನೆಯಲ್ಲೇ ಇರುತ್ತೇನೆ ಅನ್ನುವ ಸೀನಿಯರ್‌ನನ್ನು ಸೋಮಾರಿ ಅನ್ನುವ ಮ್ಯಾನೇಜರ್‌ಗಳಿಗೆ ನಾನು ಇದನ್ನೇ ಹೇಳೋದು. ಆಫೀಸಿಗೆ ಬಂದರೆ ಆತನ ಅರ್ಧ ದಿನ ಬೇರೆಯವರಿಗೆ ಹೋಗುತ್ತದೆ, ಅಪ್ರೈಸಲ್ ಫಾರ್ಮ್‌ನಲ್ಲಿ ಅದಕ್ಕೆ ಕಾಲಂ ಇಲ್ಲ. ಕಲಿಸಿದ್ದಕ್ಕೆ ಅಂಕ ಕೊಡಿ, ಆಮೇಲೆ ಕರೆಯಿರಿ. ಸುಮ್ನೆ ಸ್ವೈಪ್ ಎಣಿಸಿದರೆ ಆತ ಹನ್ನೊಂದಕ್ಕೆ ಬಂದು, ಕಾಫಿ ಕುಡಿದು, ಎರಡಕ್ಕೆ ಹೊರಡುತ್ತಾನೆ. ನಿಯಮವೂ ಉಳಿಯಿತು, ಮರ್ಯಾದೆಯೂ ಉಳಿಯಿತು.

ಇನ್ನು ರಸ್ತೆ. ಟಾಮ್‌ಟಾಮ್ ಅನ್ನುವ ಟ್ರಾಫಿಕ್ ಅಳೆಯುವ ಕಂಪನಿಯ ಲೆಕ್ಕದಲ್ಲಿ 2024ರಲ್ಲಿ ಬೆಂಗಳೂರಿನಲ್ಲಿ 10 ಕಿ.ಮೀ. ಹೋಗಲು ಸರಾಸರಿ 34 ನಿಮಿಷ ಬೇಕಾಗಿತ್ತು. ರಾಜರಾಜೇಶ್ವರಿ ನಗರದಿಂದ ಬೆಳ್ಳಂದೂರಿಗೆ 20 ಕಿ.ಮೀ. ಮೇಲೆಯೇ ಇದೆ. 20 ಅಂತಲೇ ಇಟ್ಟುಕೊಂಡರೂ ಹೋಗಿ ಬರಲು ಎರಡೂಕಾಲು ಗಂಟೆ. ಐದು ದಿನಕ್ಕೆ 11 ಗಂಟೆ ದಾಟುತ್ತದೆ, ಅಂದರೆ ಸಂಬಳವಿಲ್ಲದ ಆರನೇ ದಿನ. ಆಗಸ್ಟ್ 2025ರಲ್ಲಿ ಹಳದಿ ಮಾರ್ಗದ ಮೆಟ್ರೊ ಶುರುವಾದ ಮೇಲೆ ಎಲೆಕ್ಟ್ರಾನಿಕ್ ಸಿಟಿಯವರ ಲೆಕ್ಕ ಬದಲಾಗಿದೆ. ಬೇರೆ ಕಡೆಯವರು ತಮ್ಮ ಲೆಕ್ಕ ತಾವೇ ಹಾಕಿಕೊಳ್ಳಬೇಕು.

ಆದರೆ ನನ್ನ ಹತ್ತಿರ ಬರುವವರಲ್ಲಿ ನಿಜವಾಗಿ ಸುಸ್ತಾದವರು ಟ್ರಾಫಿಕ್‌ಗಿಂತ ರಾತ್ರಿ ಕಾಲ್‌ಗಳ ಬಗ್ಗೆ ಜಾಸ್ತಿ ಮಾತಾಡುತ್ತಾರೆ. ಇಲ್ಲಿ ರಾತ್ರಿ 9 ಆದಾಗ ಕ್ಯಾಲಿಫೋರ್ನಿಯಾದಲ್ಲಿ ಬೆಳಗ್ಗೆ ಏಳೂವರೆ ಅಥವಾ ಎಂಟೂವರೆ, ಋತು ನೋಡಿಕೊಂಡು. ಕೋವಿಡ್ ಸಮಯದಲ್ಲಿ ಎಲ್ಲರೂ ಮನೆಯಲ್ಲೇ ಇದ್ದರು, ಹಾಗಾಗಿ ಈ ಕಾಲ್‌ಗಳು ಮೆಲ್ಲಗೆ ಕ್ಯಾಲೆಂಡರ್ ಹೊಕ್ಕವು. "ಹೇಗೂ ಮನೆಯಲ್ಲೇ ಇರ್ತೀಯಲ್ಲ" ಅನ್ನೋದು ಆಗಿನ ಮಾತು. ಮಧ್ಯಾಹ್ನ ಒಂದು ಗಂಟೆ ಮಲಗಿ, ಮಗುವನ್ನು ಸ್ಕೂಲಿಂದ ಕರೆತಂದು, ರಾತ್ರಿ ಕೂತರೆ ನಡೆಯುತ್ತಿತ್ತು. ಈಗ ಆಫೀಸ್ ವಾಪಸ್ ಬಂದಿದೆ, ಆ ಕಾಲ್‌ಗಳು ಹೋಗಿಲ್ಲ. ಬೆಳಗ್ಗೆ ಎಂಟಕ್ಕೆ ಮನೆ ಬಿಟ್ಟವರು ಸಂಜೆ ಏಳೂವರೆಗೆ ಬಂದು, ಊಟದ ತಟ್ಟೆ ಪಕ್ಕ ಲ್ಯಾಪ್‌ಟಾಪ್ ತೆರೆಯುತ್ತಾರೆ. ಕಂಪನಿ ಎರಡು ವ್ಯವಸ್ಥೆಗಳ ಲಾಭವನ್ನೂ ಒಬ್ಬರಿಂದಲೇ ವಸೂಲಿ ಮಾಡುತ್ತಿದೆ. ನಾನು ನಿಯಮ ಬರೆಯುವಾಗ ಒಂದು ಸಾಲು ಸೇರಿಸಲು ಹಠ ಹಿಡಿಯುತ್ತೇನೆ: ಆಫೀಸಿಗೆ ಬರುವ ದಿನ ಸಂಜೆ 7ರ ಮೇಲೆ ಕಾಲ್ ಇಲ್ಲ, ಕಾಲ್ ಇರಲೇಬೇಕಾದರೆ ಆ ದಿನ ಆಫೀಸ್ ಇಲ್ಲ. ಕೆಲವರು ಒಪ್ಪುತ್ತಾರೆ. ಕೆಲವರು "ಕ್ಲೈಂಟ್ ಕೇಳಲ್ಲ ಸಾರ್" ಅನ್ನುತ್ತಾರೆ. ಕ್ಲೈಂಟನ್ನು ಒಂದು ಸಲ ಕೇಳಿದ್ದೀರಾ ಅಂದರೆ ಉತ್ತರ ಇರೋದಿಲ್ಲ.

ಹೆಂಗಸರಿಗೆಲ್ಲ ಮನೆಯೇ ಬೇಕು ಅನ್ನೋದನ್ನೂ ನಾನು ಒಪ್ಪೋದಿಲ್ಲ. ಮನೆಯಲ್ಲಿ ಕೂತರೆ ಕುಕ್ಕರ್ ವಿಷಲ್, ಕೊರಿಯರ್ ಹುಡುಗ, ಅತ್ತೆಯ ಮಾತ್ರೆ ಎಲ್ಲ ತನ್ನ ಪಾಲಿಗೇ ಬರುತ್ತದೆ, ಆಫೀಸಿನಲ್ಲಿ ಕಾಫಿಯನ್ನಾದರೂ ಬಿಸಿಯಾಗಿ ಕುಡಿಯುತ್ತೇನೆ ಅಂದವರಿದ್ದಾರೆ. ಹೆರಿಗೆ ರಜೆ ಮುಗಿದ ಮೇಲೆ, ಕೆಲಸದ ಸ್ವರೂಪಕ್ಕೆ ಹೊಂದಿದರೆ, ಕಂಪನಿ, ಉದ್ಯೋಗಿ ಇಬ್ಬರೂ ಒಪ್ಪಿ ಮನೆಯಿಂದ ಕೆಲಸ ಮಾಡಬಹುದು ಅಂತ ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯೇ ಹೇಳಿತ್ತು. 50 ಅಥವಾ ಹೆಚ್ಚು ಜನ ಇರುವಲ್ಲಿ ಶಿಶುವಿಹಾರ ಇರಬೇಕು ಅಂತಲೂ ಇತ್ತು. ಎರಡನ್ನೂ ಕೇಳಿ. ಕೇಳುವವರೇ ಕಡಿಮೆ.

ಊರಿಗೆ ಹೋಗಿ ನೆಲೆಸಿದವರ ಪಾಡು ಬೇರೆ. ಶಿವಮೊಗ್ಗದಲ್ಲಿ ಸೈಟ್ ತೆಗೆದುಕೊಂಡು, ಹುಬ್ಬಳ್ಳಿಯಲ್ಲಿ ಮಕ್ಕಳನ್ನು ಸ್ಕೂಲಿಗೆ ಸೇರಿಸಿದ ಮೇಲೆ ಮೇಲ್ ಬಂದವರನ್ನು ನೋಡಿದ್ದೇನೆ. "ಮ್ಯಾನೇಜರ್ ಪರ್ಮನೆಂಟ್ ರಿಮೋಟ್ ಅಂದಿದ್ದರು" ಅನ್ನುತ್ತಾರೆ. ಆಫರ್ ಲೆಟರ್ ತೆಗೆದರೆ ಕೆಲಸದ ಸ್ಥಳ ಬೆಂಗಳೂರು, ಅದರ ಕೆಳಗೆ ಕಂಪನಿ ಹೇಳಿದ ಕಡೆಗೆ ಬದಲಿಸುವ ಹಕ್ಕು. ಮ್ಯಾನೇಜರ್ ಬಾಯಿಮಾತು ಆ ಸಾಲಿನ ಮುಂದೆ ನಿಲ್ಲೋದಿಲ್ಲ. ಧಾರವಾಡದ ವಂದೇ ಭಾರತ್ ತಿಂಗಳಿಗೊಮ್ಮೆ ಬಂದು ಹೋಗುವವರಿಗೆ ಚೆನ್ನಾಗಿದೆ, ವಾರಕ್ಕೆ ಮೂರು ದಿನಕ್ಕಲ್ಲ. ಮನೆ ಕಟ್ಟುವ ಮೊದಲು ಎಚ್‌ಆರ್‌ನಿಂದ ಸ್ಥಳ ಬದಲಾವಣೆಯ ಪತ್ರ ತೆಗೆದುಕೊಳ್ಳಿ. ಹಾಜರಿಗೂ ವೇರಿಯಬಲ್ ಪೇಗೂ (ಸಂಬಳದಲ್ಲಿ ಹೆಚ್ಚುಕಮ್ಮಿಯಾಗುವ ಭಾಗಕ್ಕೂ) ಗಂಟು ಹಾಕಿದ್ದಾರಾ ಅಂತಲೂ ನೋಡಿ.

ವಿನಾಯಿತಿ ಕೇಳುವ ಮೇಲ್ ಬಗ್ಗೆ ಒಂದು ಮಾತು. ಸಾಮಾನ್ಯವಾಗಿ ಬರುವುದು ಹೀಗೆ: "ಟ್ರಾಫಿಕ್ ತುಂಬಾ ಇದೆ, ಅಪ್ಪನಿಗೆ ಹುಷಾರಿಲ್ಲ, ದಯವಿಟ್ಟು ಮನೆಯಿಂದ ಕೆಲಸ ಮಾಡಲು ಅನುಮತಿ ಕೊಡಿ." ಓದಿದವರಿಗೆ ಅಯ್ಯೋ ಅನಿಸುತ್ತದೆ, ಆದರೆ ಒಬ್ಬರಿಗೆ ಕೊಟ್ಟರೆ ಎಲ್ಲರಿಗೂ ಕೊಡಬೇಕಲ್ಲ ಅಂತ ಪಕ್ಕಕ್ಕಿಡುತ್ತಾರೆ. ನಾನು ತಿದ್ದಿಸುವುದು ಹೀಗೆ: "ಮಂಗಳವಾರ ಮತ್ತು ಗುರುವಾರ ಇಡೀ ಟೀಮ್ ಇರುತ್ತದೆ, ಆ ಎರಡು ದಿನ ನಾನೂ ಬರುತ್ತೇನೆ. ಹೊಸಬರಿಬ್ಬರ ಕೋಡ್ ರಿವ್ಯೂ ಆಗಲೇ ಮಾಡುತ್ತೇನೆ. ಸೋಮವಾರದ ರಿಪೋರ್ಟ್ ಕೆಲಸ ಒಬ್ಬಳೇ ಮಾಡುವಂಥದ್ದು, ಅದು ಮನೆಯಿಂದ. ಮೂರು ತಿಂಗಳು ನೋಡಿ, ರಿಲೀಸ್ ತಡವಾದರೆ ನಿಲ್ಲಿಸೋಣ." ಇದಕ್ಕೆ ಇಲ್ಲ ಅನ್ನಲು ಮ್ಯಾನೇಜರ್‌ಗೂ ಕಾರಣ ಬೇಕಾಗುತ್ತದೆ.

ಒಪ್ಪಿಗೆ ಸಿಕ್ಕಿದರೆ ಎಚ್‌ಆರ್‌ನವರನ್ನು ಸೇರಿಸಿ ಮೇಲ್‌ನಲ್ಲೇ ತೆಗೆದುಕೊಳ್ಳಿ, ಯಾವ ತಾರೀಖಿನವರೆಗೆ ಅಂತಲೂ ಬರೆಸಿಕೊಳ್ಳಿ. ಮ್ಯಾನೇಜರ್ ಬದಲಾದರೆ ಮೊದಲ ವಾರವೇ ಹೊಸ ಮ್ಯಾನೇಜರ್‌ಗೆ ಅದನ್ನು ಫಾರ್ವರ್ಡ್ ಮಾಡಿ. ಖಾಲಿ ಕುರ್ಚಿ ನೋಡಿ ಅವರು ಬೇರೆಯವರನ್ನು ವಿಚಾರಿಸುವಷ್ಟು ದಿನ ಕಾಯಬೇಡಿ.