ಸರ್ವರ್ ಚಾಲೂ ಆಗೂಮುಂದ ಏನೇನ್ ಓದ್ತೈತಿ?

ಜಮಖಂಡಿ, ಮುಧೋಳ ಕಡೆ ರೈತರಿಗೆ ಕಬ್ಬಿನ ತೂಕ, ಬಿಲ್ ತೋರ್ಸೋ ಒಂದು ವೆಬ್ ಆ್ಯಪ್ ಐತಿ ಅನ್ಕೋರಿ. ಬೆಳಗಾವ್ಯಾಗ ಕುಂತು ಅದನ್ನ ಬರ್ಯೋರ ಲ್ಯಾಪ್‌ಟಾಪ್‌ನ್ಯಾಗೂ ಅದ ಕೋಡ್, ಸರ್ವರ್‌ನ್ಯಾಗೂ ಅದ ಕೋಡ್, ಬ್ಯಾರೆ ಇರೋದು ಡೇಟಾಬೇಸ್ ಎಲ್ಲೈತಿ, ಪಾಸ್‌ವರ್ಡ್ ಏನು, ಎಸ್ಸೆಮ್ಮೆಸ್ ಕಳ್ಸೋ ಕೀ ಯಾವ್ದು, ಟೈಮ್ ಝೋನ್ ಏನು ಇಂಥಾವಷ್ಟ. ಇವನ್ನ ಕೋಡಿನ ಹೊರಗಿಟ್ಟು, ಆ್ಯಪ್ ಏಳೂಮುಂದ ಒಮ್ಮೆ ಓದಿಸ್ತಾರ, ಅದ ಕಾನ್ಫಿಗ್.

ಎಲ್ಲಿಂದ ಓದ್ತೈತಿ ಅನ್ನೋದು ಒಂದೊಂದು ಫ್ರೇಮ್‌ವರ್ಕ್‌ಗೆ (ವೆಬ್ ಆ್ಯಪ್ ಕಟ್ಟಾಕ ಬಳಸೋ ಸಿದ್ಧ ಚೌಕಟ್ಟಿಗೆ) ಒಂದೊಂದು ಥರ. ರೇಲ್ಸ್ ಅನ್ನೋದು ಇನಿಷಿಯಲೈಸರ್, ಅಂದ್ರ ಚಾಲೂ ಆಗೂಮುಂದ ಓಡೋ ಫೈಲುಗಳನ್ನ ಹೆಸರಿನ ಅಕ್ಷರದ ಕ್ರಮದಾಗ ಓದ್ತೈತಿ. ಸ್ಪ್ರಿಂಗ್ ಬೂಟ್‌ನ್ಯಾಗ ಪ್ಯಾಕೇಜ್ ಒಳಗಿನ ಫೈಲಿಗಿಂತ ಹೊರಗಿನ ಫೈಲಿನ ಮಾತು ದೊಡ್ಡದು, ಅದಕ್ಕಿಂತ ಎನ್ವಿರಾನ್‌ಮೆಂಟ್ ವೇರಿಯೇಬಲ್ (ಆಪರೇಟಿಂಗ್ ಸಿಸ್ಟಮ್ ಕಡಿಂದ ಆ್ಯಪಿಗೆ ಸಿಗೋ ಹೆಸರು-ವ್ಯಾಲ್ಯೂ ಜೋಡಿ) ದೊಡ್ಡದು, ಅದಕ್ಕೂ ಮ್ಯಾಲ ಕಮಾಂಡ್ ಲೈನ್‌ನ್ಯಾಗ ಕೊಟ್ಟಿದ್ದು, ಹಿಂಗಾಗಿ ಫೈಲ್ ಎಷ್ಟ್ ತಿದ್ದಿದ್ರೂ ಏನೂ ಬದಲಾಗವಲ್ದು ಅಂದ್ರ ಮ್ಯಾಲಿನ ಮೆಟ್ಟಲದಾಗ ಅದ ಹೆಸರಿನ ಹಳೇ ವ್ಯಾಲ್ಯೂ ಕುಂತೈತೇನು ಅಂತ ಮೊದ್ಲ ನೋಡ್ರಿ.

ಫೈಲ್ ಸಿಕ್ರೂ ಒಳಗಿದ್ದಿದ್ದು ನಾವು ಬರ್ದಂಗ ಓದ್ತೈತಿ ಅಂತಿಲ್ಲ. ಕಾನ್ಫಿಗ್ ಫೈಲ್ ಬರ್ಯೋ ಒಂದು ಪದ್ಧತಿ ಯಾಮಲ್ (YAML), ಅದರ 1.1 ರೂಲ್ ಪ್ರಕಾರ ರಾತ್ರಿ ಬಸ್ಸಿನ ಟೈಮ್ 20:30 ಅಂತ ಕೋಟ್ ಇಲ್ದ ಬರದ್ರ ಅದು 1230 ಆಗ್ತೈತಿ, ಯಾಕಂದ್ರ 60ರ ಲೆಕ್ಕದ ಸಂಖ್ಯೆ ಅಂತ ತಿಳ್ಕೊಂಡು 20ನ್ನ 60ರಿಂದ ಗುಣಿಸಿ 30 ಕೂಡಿಸ್ತೈತಿ. 1.2ದಾಗ ಇದನ್ನ ತಗದ್ರು, ಆದ್ರ ಅದರ ರೂಲಿನಾಗ ಬೆಳಗಾವಿ ಎಸ್‌ಟಿಡಿ ಕೋಡ್ 0831 ಬರದ್ರ ಮುಂದಿನ ಸೊನ್ನೆ ಹೋಗಿ 831 ಉಳೀತೈತಿ! ಕೋಟ್ ಹಾಕ್ರಿ, ಎರಡೂ ಸರಿ ಆಗ್ತಾವ.

ನನಗ ಎಲ್ಲಕ್ಕಿಂತ ಮುಖ್ಯ ಅನ್ಸೋದು ಏನಂದ್ರ ಕಾನ್ಫಿಗ್ ತಪ್ಪಿದ್ರ ಆ್ಯಪ್ ಏಳಾನ ಬಾರ್ದು. ಪೈಥಾನ್‌ನ್ಯಾಗ ಎಸ್ಸೆಮ್ಮೆಸ್ ಕೀನ ಚೌಕ ಬ್ರಾಕೆಟ್ ಹಾಕಿ ಎನ್ವಿರಾನ್‌ಮೆಂಟ್‌ನಿಂದ ತಗದ್ರ, ಕೀ ಇಲ್ದಿದ್ರ ಆ ಸಾಲಿನಾಗ ಎರರ್ ಬಂದು ಅಲ್ಲೇ ನಿಲ್ತೈತಿ. ಅದನ್ನ ಗೆಟ್ ಅಂತ ಬರದ್ರ ಸುಮ್ನ None (ಏನೂ ಇಲ್ಲ) ಅಂತ ಕೊಟ್ಟು ಮುಂದ ಹೋಗ್ತೈತಿ, ಸರ್ವರ್ ಚಂದ ಎದ್ದಂಗ ಕಾಣ್ತೈತಿ, ರಾತ್ರಿ ಟ್ರ್ಯಾಕ್ಟರ್ ತೂಕ ಆಗಿ ರೈತನಿಗೆ ಮೆಸೇಜ್ ಹೋಗ್ಬೇಕಾದ್ ಹೊತ್ತಿನ್ಯಾಗ ಒಡೀತೈತಿ. ಹಂಗಂತ ಡೇಟಾಬೇಸ್ ಒಂದ್ ನಿಮಿಷ ಸಿಗ್ಲಿಲ್ಲ ಅಂತನೂ ಏಳೋದು ಬಿಡ್ಬೇಕಂತಲ್ಲ, ಅದು ತಾನ ಹೊಳ್ಳಿ ಬರ್ಬಹುದು, ಬರೀದ ಬಿಟ್ಟ ಕೀ ಮಾತ್ರ ತಾನ ಬರಂಗಿಲ್ಲ.

ಇದಕ್ಕಿಂತ ಕೆಟ್ಟದ್ದು ಎರರ್‌ನ ಕೊಡ್ದಿರೋ ಡಿಫಾಲ್ಟ್, ಅಂದ್ರ ನಾವು ಬರೀದಿದ್ರ ಫ್ರೇಮ್‌ವರ್ಕ್ ತಾನ ಹಿಡ್ಯೋ ವ್ಯಾಲ್ಯೂ. ಪೈಥಾನ್‌ನ ಜಾಂಗೊ ಫ್ರೇಮ್‌ವರ್ಕ್ ಹುಟ್ಟಿದ್ದು ಅಮೆರಿಕಾದ ಕಾನ್ಸಾಸ್‌ನ ಒಂದು ಪೇಪರ್ ಆಫೀಸಿನ್ಯಾಗ, 2005ರಾಗ ಎಲ್ಲಾರಿಗೂ ಸಿಕ್ತು, ಟೈಮ್ ಝೋನ್ ಬರೀಲಿಲ್ಲಂದ್ರ ಇವತ್ತಿಗೂ ಶಿಕಾಗೋ ಟೈಮ್ ಹಿಡೀತೈತಿ. ಹೊಸಾ ಪ್ರಾಜೆಕ್ಟ್ ಮಾಡಿದ್ರ ಫೈಲಿನಾಗ ಯುಟಿಸಿ (ಜಗತ್ತಿಗೆಲ್ಲಾ ಮೂಲ ಟೈಮ್) ಅಂತ ಮೊದ್ಲ ಬರ್ದಿಟ್ಟಿರ್ತೈತಿ, ನಮ್ಮದು ಅದಕ್ಕಿಂತ ಐದೂವರಿ ತಾಸು ಮುಂದ, ಅಂದ್ರ ರಾತ್ರಿ 2ಕ್ಕ ತೂಕ ಆದ ಕಬ್ಬಿಗೆ ಹಿಂದಿನ ದಿನದ ತಾರೀಖು ಕಾಣ್ತೈತಿ, ಎಲ್ಲೂ ಎರರ್ ಇರಂಗಿಲ್ಲ. ಇಂಥಾದ್ದಕ್ಕ ಜಾಂಗೊದಾಗ ನಾವ ಒಂದು ಸಿಸ್ಟಮ್ ಚೆಕ್ (ಸೆಟಿಂಗ್ ಸರಿ ಐತೇನು ಅಂತ ನೋಡೋ ಕೋಡ್) ಬರೀಬಹುದು, ಆದ್ರ ಅವು ಲ್ಯಾಪ್‌ಟಾಪ್‌ನ್ಯಾಗ ನೋಡಾಕ ರನ್‌ಸರ್ವರ್ ಕಮಾಂಡ್ ಕೊಟ್ಟಾಗ ಓಡ್ತಾವ, ಪ್ರೊಡಕ್ಷನ್‌ನ್ಯಾಗ (ಜನ ಬಳಸೋ ಸರ್ವರ್‌ನ್ಯಾಗ) ಡಬ್ಲ್ಯುಎಸ್‌ಜಿಐ, ಅಂದ್ರ ವೆಬ್ ಸರ್ವರ್‌ಗೂ ಪೈಥಾನ್ ಆ್ಯಪ್‌ಗೂ ನಡುವಿನ ಕೊಂಡಿ ಮ್ಯಾಲ ಎದ್ದಾಗ ತಾವ ಓಡಂಗಿಲ್ಲ, ಅದಕ್ಕ ಚೆಕ್ ಕಮಾಂಡ್‌ನ ಹೊಸಾ ಕೋಡ್ ಸರ್ವರ್‌ಗೆ ಹಾಕೋ ಡಿಪ್ಲಾಯ್ ಸ್ಕ್ರಿಪ್ಟಿನಾಗ, ಸರ್ವರ್ ರೀಸ್ಟಾರ್ಟ್ ಮಾಡೋ ಸಾಲಿಗಿಂತ ಮ್ಯಾಲ ಬರೀರಿ.