‘ವಜಾ’ ಅಂದರೆ ಯಾವ ವಜಾ?

ನಿವೃತ್ತ ಮೇಷ್ಟ್ರೊಬ್ಬರು ಒಂದು ಸಂಜೆ ನನ್ನ ಆಫೀಸಿಗೆ ಬಂದು ಬಟ್ಟೆ ಚೀಲದಿಂದ ಫೈಲು ತೆಗೆದರು. ಓಣಿ ಜಾಗದ ತಕರಾರು, ಅಕ್ಕಪಕ್ಕದ ಮೂವರ ಮೇಲೆ ದಾವೆ. ವಕೀಲರನ್ನು ಇಟ್ಟಿರಲಿಲ್ಲ. ವಾದಪತ್ರ ಅವರೇ ಬರೆದದ್ದು. ಚೆಕ್ಕುಬಂದಿ ಸರಿಯಾಗಿದೆ, ಅಕ್ಷರವಂತೂ ಮುತ್ತು. “ಒಂದು ಮಾತೂ ಕೇಳದೆ ವಜಾ ಮಾಡಿಬಿಟ್ಟರು ಸಾರ್” ಅಂದರು.

ಆರ್ಡರ್ ಶೀಟ್ ತಿರುವಿದೆ. ಎರಡು ವಾಯಿದೆಗಳಲ್ಲಿ ಕೋರ್ಟು ಒಂದೇ ಮಾತು ಬರೆದಿತ್ತು: ಪಿ.ಎಫ್. ಕಟ್ಟಿ, ಪ್ರತಿಗಳನ್ನು ಕೊಡಿ. ಮೂರನೆಯದಕ್ಕೆ ವಜಾ. ಪಿ.ಎಫ್. ಅಂದರೆ ಪ್ರೊಸೆಸ್ ಫೀ, ಸಮನ್ಸ್ ಜಾರಿಯ ಖರ್ಚು. ಕೋರ್ಟ್ ಫೀ ಮೊದಲೇ ಕಟ್ಟಿದ್ದೇನಲ್ಲ, ಎಲ್ಲ ಅದರಲ್ಲೇ ಬಂತು ಅಂತ ಮೇಷ್ಟ್ರು ಸುಮ್ನೆ ಇದ್ದರು. ಸಮನ್ಸ್ ಕಳಿಸುವುದು ಕೋರ್ಟೇ, ನಿಜ. ಆದರೆ ಅದರ ಖರ್ಚನ್ನೂ, ಪ್ರತಿವಾದಿಗೊಂದರಂತೆ ವಾದಪತ್ರದ ಪ್ರತಿಯನ್ನೂ ವಾದಿಯೇ ಕೊಡಬೇಕು.

ನಮ್ಮ ಕೇಸನ್ನು ನಾವೇ ನಡೆಸಲು ಯಾರ ಅಡ್ಡಿಯೂ ಇಲ್ಲ. ಕೋರ್ಟಿನಲ್ಲಿ ಅಂಥವರನ್ನು ‘ಪಾರ್ಟಿ ಇನ್ ಪರ್ಸನ್’ ಅನ್ನುತ್ತಾರೆ. ನಾನು ಕಂಡಂತೆ ಇವರು ಕಾನೂನು ಗೊತ್ತಿಲ್ಲದೆ ಸೋಲುವುದು ಕಡಿಮೆ. ಎರಡು ವಾಯಿದೆಗಳ ನಡುವಿನ ಚಿಲ್ಲರೆ ಕೆಲಸದಲ್ಲಿ ಎಡವುವುದೇ ಜಾಸ್ತಿ. ವಕೀಲರಿಗೆ ಆ ಕೆಲಸಕ್ಕೆ ಗುಮಾಸ್ತರಿರುತ್ತಾರೆ. (ನಾನೂ ಪಿ.ಎಫ್. ನೆನಪಿಟ್ಟವನಲ್ಲ. ನಮ್ಮ ಗುಮಾಸ್ತರು ಎರಡು ದಿನ ರಜೆ ಹಾಕಿದರೆ ನನ್ನ ಬಣ್ಣ ಬಯಲು.) ನ್ಯಾಯಾಧೀಶರು ಇಂಥವರಿಗೆ ಒಂದೆರಡು ಸಲ ಸಡಿಲ ಬಿಡುತ್ತಾರೆ. ಆಮೇಲೆ ಅವರಾದರೂ ಏನು ಮಾಡಿಯಾರು?

ವಜಾ ಆದಾಗ ಮೊದಲು ಆದೇಶದ ದೃಢೀಕೃತ ನಕಲು ತೆಗೆಸಿ. ಯಾವ ರೂಲಿನಲ್ಲಿ ವಜಾ ಆಗಿದೆ ನೋಡಿ. ಮುಂದಿನ ದಾರಿ ಅದರ ಮೇಲೆ ನಿಂತಿದೆ. ಮೇಷ್ಟ್ರದು 1908ರ ಸಿ.ಪಿ.ಸಿ.ಯ, ಅಂದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ, ಆರ್ಡರ್ 9, ರೂಲ್ 2. ಇಲ್ಲಿ ಎರಡು ದಾರಿ ಇವೆ. ವಜಾ ರದ್ದು ಮಾಡಿ ಅಂತ ಅರ್ಜಿ ಹಾಕಬಹುದು, ಕಾಲಮಿತಿ ಉಳಿದಿದ್ದರೆ ಹೊಸ ದಾವೆಯನ್ನೂ ಹಾಕಬಹುದು. ಪ್ರತಿವಾದಿ ಬಂದಿದ್ದಾನೆ, ವಾದಿ ಬಂದಿಲ್ಲ, ಅದಕ್ಕೇ ವಜಾ ಅಂದರೆ ಅದು ರೂಲ್ 8. ಆಗ ಅದೇ ತಕರಾರಿನ ಮೇಲೆ ಹೊಸ ದಾವೆ ನಡೆಯುವುದಿಲ್ಲ. ರೂಲ್ 9ರ ಅರ್ಜಿ ಹಾಕಿ, ಬರದಿದ್ದುದಕ್ಕೆ ಸರಿಯಾದ ಕಾರಣ ತೋರಿಸಲೇಬೇಕು. ಕೇಸ್ ಕೂಗಿದಾಗ ಕ್ಯಾಂಟೀನಿನಲ್ಲಿ ಕಾಫಿ ಕುಡಿಯುತ್ತಿದ್ದವರು ಇದಕ್ಕೆ ಸಿಕ್ಕಿಬೀಳುತ್ತಾರೆ. ಆರ್ಡರ್ 7, ರೂಲ್ 11ರಲ್ಲಿ ವಾದಪತ್ರ ತಿರಸ್ಕಾರ ಆಗಿದ್ದರೆ ಅದರ ಕಥೆ ಬೇರೆ. ಅಲ್ಲಿ ಅಪೀಲೂ ಉಂಟು, ಕಾಲಮಿತಿಯೊಳಗಿದ್ದರೆ ಹೊಸ ವಾದಪತ್ರವೂ ಉಂಟು.

ವಜಾ ರದ್ದತಿಯ ಅರ್ಜಿಗೆ ಗಡುವು ವಜಾ ಆದ ದಿನದಿಂದ 30 ದಿನ. ನಿಮಗೆ ವಿಷಯ ಗೊತ್ತಾದ ದಿನದಿಂದ ಅಲ್ಲ. ದಾಟಿದರೆ ತಡವಾದದ್ದು ಯಾಕೆ ಅಂತ ಇನ್ನೊಂದು ಅರ್ಜಿ, ಇನ್ನೊಂದು ಪ್ರಮಾಣಪತ್ರ. ವಕೀಲರ ಫೀಸು ಭಾರ ಅನ್ನುವವರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಅಲ್ಲಿ ಆದಾಯ ಎಷ್ಟಿದ್ದರೂ ಉಚಿತ ವಕೀಲರು ಸಿಗುತ್ತಾರೆ.

ಮೇಷ್ಟ್ರು ಬಂದದ್ದು 26ನೇ ದಿನ. ಅರ್ಜಿಯ ಕರಡು ಮಾಡಿಕೊಟ್ಟೆ, ದಾವೆ ಮತ್ತೆ ಫೈಲಿಗೆ ಬಂತು. ಅವತ್ತೇ ಪಿ.ಎಫ್. ಕಟ್ಟಿ, ರಸೀದಿ ತಂದು ನನ್ನ ಮೇಜಿನ ಮೇಲಿಟ್ಟರು. ವಕಾಲತ್ತು ಹಾಕಲೇ ಅಂತ ಕೇಳಿದೆ. “ಬೇಡ ಸಾರ್, ಈಗ ಗೊತ್ತಾಯ್ತಲ್ಲ” ಅಂದರು.